ನನ್ನ ವಿರಹಗೀತೆಗೆ ಬಂದ ರಿಮಾರ್ಕುಗಳು

ಮದುವೆಯಾಗಿ ಶಿರಸಿಗೆ ಬಂದ ಹೊಸತರಲ್ಲಿ ನಾನು ಅತ್ತದ್ದು ಒಂದು ಪಾಯಸಕ್ಕಾಗಿ. ಹಬ್ಬದ ದಿನ ಬೆಳಗಿನಿಂದ ಒಲೆಯ ಮುಂದೆ ನಿಂತು ಮಾಡಿದ ಪಾಯಸ. ಮಾವನವರು ಮತ್ತೆ ಮತ್ತೆ ಬಡಿಸಿಕೊಂಡು ಉಂಡರು, ಬಾಳೆಯೆಲೆಯನ್ನು ಬೆರಳಿನಿಂದ ಬಳಿದರು, ಕೈ ತೊಳೆಯಲು ಏಳುವಾಗ "ಅಡ್ಡಿಲ್ಲೆ" ಎಂದರು. ಅಡ್ಡಿಯಿಲ್ಲವಂತೆ! ಆಕ್ಷೇಪಣೆ ಏನೂ ಇಲ್ಲ, ನಡೆಯುತ್ತದೆ ಎಂದ ಹಾಗೆ. ಹುಬ್ಬಳ್ಳಿಯ ಕಾನ್ವೆಂಟಿನಲ್ಲಿ ಸಿಸ್ಟರ್ ಬೆನೆಡಿಕ್ಟಾ ಅವರಿಂದ 'ಎಕ್ಸಲೆಂಟ್', 'ವೆರಿ ಗುಡ್' ಎಂದು ಕೆಂಪು ಶಾಯಿಯಲ್ಲಿ ಬರೆಸಿಕೊಂಡು ಬೆಳೆದ ಹುಡುಗಿ ನಾನು. ಅಡಿಗೆಮನೆಯ ಮೂಲೆಯಲ್ಲಿ ನಿಂತು ಸೆರಗಿನಿಂದ ಕಣ್ಣೊರೆಸಿಕೊಂಡೆ. ಈ ಸೀಮೆಯಲ್ಲಿ ಅದಕ್ಕಿಂತ ಮೇಲಿನ ಡಿಗ್ರಿ ಇಲ್ಲವೆಂದು, ಅಂದು ನನಗೆ ಸಿಕ್ಕಿದ್ದು ಡಿಸ್ಟಿಂಕ್ಷನ್ ಎಂದು ತಿಳಿಯಲು ತುಂಬ ಕಾಲ ಬೇಕಾಯಿತು.

ಆಮೇಲಾಮೇಲೆ ಅದರ ಒಳಮರ್ಮಗಳೂ ತಿಳಿದವು. ಥಟ್ಟನೆ ಬಂದ ಅಡ್ಡಿಲ್ಲೆ ಬೇರೆ, ಕೊನೆಯ ಅಕ್ಷರವನ್ನು ಎಳೆದ ಅಡ್ಡಿಲ್ಲೆ ಬೇರೆ. ಆಕಾಶ ನೋಡುತ್ತ ಹೇಳಿದರೆ ಪಾಸು. ನೆಲ ನೋಡುತ್ತ ಹೇಳಿದರೆ ನಪಾಸು. ಇಂಥ ಊರಿನಲ್ಲಿ ನಾವು ಕೆಲವರು ಹಾಡು ಬರೆಯುವವರ ಕೂಟ ಕಟ್ಟಿದೆವು, ಒಬ್ಬರ ಹಾಡಿಗೆ ಇನ್ನೊಬ್ಬರು ಅಭಿಪ್ರಾಯ ಹೇಳಲು ಹೊರಟೆವು ಎಂದರೆ ನೀವೇ ಇಮ್ಯಾಜಿನ್ ಮಾಡಿಕೊಳ್ಳಿ.

ಇದು ತೊಂಬತ್ತರ ದಶಕದ ನಡುವಿನ ಮಾತು. ಕ್ಯಾಸೆಟ್ಟುಗಳ ಕಾಲ. ಶಿರಸಿ ಪೇಟೆಯಲ್ಲಿದ್ದ ನಮ್ಮ ಮನೆಯ ಮಹಡಿಯ ಮೇಲೆ ತಿಂಗಳಿಗೊಮ್ಮೆ ಸೇರುತ್ತಿದ್ದೆವು. ಸಿದ್ದಾಪುರದಿಂದ ಗಣಪಣ್ಣ ಬರುತ್ತಿದ್ದ. ಅಂಚೆ ಕಚೇರಿಯಿಂದ ನಿವೃತ್ತನಾದವನು, ಹಾರ್ಮೋನಿಯಂ ಬಾರಿಸುವವನು, ನಮಗೆಲ್ಲ ರಾಗ ಹಾಕಿಕೊಡುವವನು. ಯಲ್ಲಾಪುರದಿಂದ ಸರೋಜಾ ಬರುತ್ತಿದ್ದಳು; ಟೈಪಿಂಗ್ ಕ್ಲಾಸ್ ನಡೆಸುವವಳು, ಧಾರವಾಡದ ಕಡೆಯ ಹೆಣ್ಣುಮಗಳು. ಅವಳು ಹಾಡನ್ನೂ ಬರೆಯುತ್ತಿದ್ದಳು, ಕ್ಯಾಸೆಟ್ಟಿನ ಕವರಿಗೆ ಚಿತ್ರವನ್ನೂ ಬರೆಯುತ್ತಿದ್ದಳು. ಉಳಿದಂತೆ ಊರಿನ ನಾಲ್ಕಾರು ಮಂದಿ. ವರ್ಷಕ್ಕೊಂದು ಕ್ಯಾಸೆಟ್ ಮಾಡಿ, ಗೃಹಪ್ರವೇಶಕ್ಕೆ, ಉಪನಯನಕ್ಕೆ ಉಡುಗೊರೆ ಕೊಡುವುದು ನಮ್ಮ ಪದ್ಧತಿ. ತೆಗೆದುಕೊಂಡವರು ಮುಖ ಹೇಗೆ ಮಾಡುತ್ತಿದ್ದರು ಎಂದು ನಾನು ಗಮನಿಸಲು ಹೋಗಲಿಲ್ಲ.

ಕವರನ್ನು ಅಚ್ಚು ಹಾಕುತ್ತಿದ್ದದ್ದು ಲಗ್ನಪತ್ರಿಕೆ ಮಾಡುವ ಒಂದು ಪ್ರೆಸ್ಸಿನವರು. ಮೊದಲ ವರ್ಷದ ಕವರಿನಲ್ಲಿ ನಾವು ಹೇಳದಿದ್ದರೂ ನೆತ್ತಿಯ ಮೇಲೆ ಗಣಪತಿ ಬಂದು ಕೂತಿದ್ದ. ಕೆಳಗಡೆ, ಹಾಡಿದವರ ಹೆಸರುಗಳ ನಂತರ, 'ತಮ್ಮ ಆಗಮನಾಭಿಲಾಷಿಗಳು' ಎಂದೂ ಇತ್ತು. ನಾವು ಗಾಬರಿಯಾಗಿ ಹೋಗಿ ಕೇಳಿದರೆ, ಪ್ರೆಸ್ಸಿನ ಹೆಗಡೇರು ಶಾಂತವಾಗಿ, ಅದಿಲ್ಲದೆ ಕಾರ್ಡು ಬೋಳಾಗಿ ಕಾಣುತ್ತದೆ ಎಂದರು. ಅದೂ ಒಂದು ಬಗೆಯ ಫೀಡ್‌ಬ್ಯಾಕೇ ಅಲ್ಲವೇ?

ಕೂಟದಲ್ಲಿ ನಾವೇ ಮಾಡಿಕೊಂಡ ಒಂದೆರಡು ಕಟ್ಟಳೆಗಳಿದ್ದವು. ಹಾಡು ಮುಗಿದ ಮೇಲೆ ಎಲ್ಲರ ಲೋಟದ ಕಷಾಯ ಖಾಲಿಯಾಗುವವರೆಗೆ ಯಾರೂ ಅಭಿಪ್ರಾಯ ಹೇಳುವಂತಿಲ್ಲ. ಬಿಸಿ ಕಷಾಯ ಕುಡಿದವನ ಬಾಯಿಂದ ಕೆಟ್ಟ ಮಾತು ಬರುವುದಿಲ್ಲ ಎಂಬುದು ಗಣಪಣ್ಣನ ಸಿದ್ಧಾಂತ. ಆಮೇಲೆ ಎಲ್ಲರೂ ಮಾತಾಡುತ್ತಿದ್ದರು, ಹಾಡು ಬರೆದವರು ಮಾತ್ರ ಬಾಯಿ ಬಿಡುವಂತಿಲ್ಲ. ಸಮಜಾಯಿಷಿ ಇಲ್ಲ, ವಾದ ಇಲ್ಲ. ಕಾನ್ವೆಂಟಿನಲ್ಲಿ ಸೈಲೆನ್ಸ್ ಅವರ್‌ ಅಭ್ಯಾಸವಾಗಿದ್ದ ನನಗೆ ಇದು ಸುಲಭವೆಂದುಕೊಂಡಿದ್ದೆ. ಅಲ್ಲಿ ಸುಮ್ಮನಿರಬೇಕಾದದ್ದು ದೇವರ ಎದುರು. ಇಲ್ಲಿ ಗಣಪಣ್ಣನ ಎದುರು. ವ್ಯತ್ಯಾಸವಿದೆ.

ಕವರಿನ ಕಟ್ಟಳೆ ಇನ್ನೂ ವಿಚಿತ್ರ. ಚಿತ್ರ ಬರೆಯುವವರು ಹಾಡು ಬರೆದವರನ್ನು ಏನೂ ಕೇಳಬಾರದು. ಹಾಡು ಕೇಳಬೇಕು, ಕಂಡದ್ದನ್ನು ಬರೆಯಬೇಕು. ಚಿತ್ರ ಬಂದ ಮೇಲೆ ಹಾಡಿನವರೂ ಅವರನ್ನು ಪ್ರಶ್ನಿಸುವಂತಿಲ್ಲ. ಬಾಯಲ್ಲಿ ಹೇಳುವಾಗ ನಾವೆಲ್ಲ ಎಷ್ಟಾದರೂ ದಾಕ್ಷಿಣ್ಯದವರು. ಕೈಗೆ ಪೆನ್ಸಿಲ್ ಬಂದರೆ ಆ ದಾಕ್ಷಿಣ್ಯ ಎಲ್ಲಿ ಹೋಗುತ್ತದೋ! ಗಣಪಣ್ಣ ಒಮ್ಮೆ ಸಮರಗೀತೆ ಬರೆದಿದ್ದ. ನಾವೆಲ್ಲ ರೋಮಾಂಚನವಾಯಿತು ಎಂದಿದ್ದೆವು. ಸರೋಜಾ ಬರೆದು ತಂದ ಚಿತ್ರದಲ್ಲಿ ಒಬ್ಬ ಸೈನಿಕ ಕತ್ತಿಯನ್ನು ಮಡಿಲಲ್ಲಿಟ್ಟುಕೊಂಡು ಆಕಳಿಸುತ್ತಿದ್ದ. ಗಣಪಣ್ಣ ಅದನ್ನು ಬಹಳ ಹೊತ್ತು ದಿಟ್ಟಿಸಿ, ಕನ್ನಡಕ ತೆಗೆದು, ಒರೆಸಿ, "ತಾಳ ನಿಧಾನ ಆತು ಕಾಣ್ತು" ಎಂದ. ಮರುತಿಂಗಳು ಆ ಹಾಡು ಕುದುರೆಯ ಹಾಗೆ ಓಡಿತು.

ಇಷ್ಟೆಲ್ಲ ಮೇಲ್ಮಹಡಿಯಲ್ಲಿ ನಡೆಯುವಾಗ ನಮ್ಮವರು ಕೆಳಗೆ ವರಾಂಡದ ಕುರ್ಚಿಯಲ್ಲಿ ಪೇಪರ್ ಓದುತ್ತ ಕೂತಿರುತ್ತಿದ್ದರು. ನಮ್ಮವರು ಸರ್ವೆ ಇಲಾಖೆಯಲ್ಲಿದ್ದವರು. ಜಿಲ್ಲೆಯ ಗುಡ್ಡ, ಗದ್ದೆ, ಹಳ್ಳಗಳನ್ನು ಸರಪಳಿ ಹಿಡಿದು ಅಳೆದವರು. ಅಳತೆಗೆ ಸಿಗದ್ದರ ಮೇಲೆ ಅವರಿಗೆ ದ್ವೇಷವೇನಿಲ್ಲ, ಅದರ ತಂಟೆಗೆ ಹೋಗುವುದಿಲ್ಲ ಅಷ್ಟೇ. ಬಂದವರಿಗೆ "ಬನ್ನಿ, ಕೂತ್ಗಳಿ" ಎನ್ನುವರು. ಹೋಗುವವರಿಗೆ "ಹೊರಟ್ರ?" ಎನ್ನುವರು. ನಡುವೆ ಮೇಲಿಂದ ಕೇಳಿಬಂದ ಹಾಡುಗಳ ಬಗ್ಗೆ ಅವರು ಒಂದು ದಿನವೂ ತುಟಿ ಪಿಟಕ್ಕೆನ್ನಲಿಲ್ಲ. ಅಡ್ಡಿಲ್ಲೆ ಎಂದು ಕೂಡ.

ನನ್ನನ್ನು ಕೊರೆಯುತ್ತಿದ್ದದ್ದು ಅದೇ. ಕೂಟದವರು ಹೊಗಳಲಿ, ತೆಗಳಲಿ, ಅವರಿಗೆ ಅದೊಂದು ಭಾನುವಾರದ ಕೆಲಸ. ಒಂದೇ ಸೂರಿನಡಿ ಆಯುಷ್ಯ ಕಳೆದವರು ನಾನು ಹಾಡುತ್ತೇನೆ ಎಂಬುದನ್ನಾದರೂ ಗಮನಿಸಿದ್ದಾರೋ ಇಲ್ಲವೋ? ಮದುವೆಗೆ ಮೊದಲು ನಾನು ಸ್ಕೂಲ್ ಕ್ವಾಯರ್‌ನಲ್ಲಿ ಹಾಡುತ್ತಿದ್ದೆ, ಕೆಳದನಿಯ ಆಲ್ಟೋ. ಆಮೇಲೆ ಮಕ್ಕಳ ಜೋಗುಳ ಬಿಟ್ಟರೆ ಬೇರೆ ಹಾಡಿದ್ದು ನೆನಪಿಲ್ಲ. ಅರವತ್ತರ ಹತ್ತಿರ ಬಂದ ಮೇಲೆ ಬಾಯಿ ತೆರೆದವಳಿಗೆ ಆ ಕುರ್ಚಿಯಿಂದ ಒಂದು ರಿಮಾರ್ಕ್ ಬೇಕಿತ್ತು. ಕೆಟ್ಟದ್ದಾದರೂ ಸರಿ.

ಹೀಗಿರುವಾಗ ನಾನೊಂದು ವಿರಹಗೀತೆ ಬರೆದೆ.

"ಸಂಜೆಯ ದೀಪದ ಬತ್ತಿಯು ಸುಟ್ಟಿತು, ಕಾದೆನು, ನೀ ಬರಲಿಲ್ಲ" ಎಂದು ಪಲ್ಲವಿ. ನಾನೇ ಹಾಡಿದೆ. ಕಷಾಯ ಮುಗಿಯಿತು. ಎಲ್ಲರೂ ಲೋಟದ ತಳ ನೋಡುತ್ತ ಕೂತರು. ಕೊನೆಗೆ ಗಣಪಣ್ಣ ಗಂಟಲು ಸರಿಮಾಡಿಕೊಂಡು, "ಅತ್ಗೆ, ಒಂದು ಸಂಶಯ. ಅಣ್ಣ ಎಲ್ಲಿಗೆ ಹೋಯ್ದ?" ಎಂದ.

ಅದೇ ಹೊತ್ತಿಗೆ ಕೆಳಗಿನಿಂದ, ಮಜ್ಜಿಗೆ ಎಲ್ಲಿಟ್ಟಿದ್ದೀಯೆಂದು ಕೇಳುವ ಧ್ವನಿ ಬಂತು. ಮಹಡಿಯೆಲ್ಲ ನಗುವಿನಿಂದ ನಡುಗಿತು. ನಾನು ಕಟ್ಟಳೆಯಂತೆ ಬಾಯಿ ಮುಚ್ಚಿಕೊಂಡು ಕೂತೆ. ಉತ್ತರ ಕೊಡುವಂತಿಲ್ಲ, ಮಜ್ಜಿಗೆ ಕಪಾಟಿನಲ್ಲಿದೆ ಎಂದು ಹೇಳುವಂತೆಯೂ ಇಲ್ಲ.

ಆದರೆ ಶಾಸ್ತ್ರ ನನ್ನ ಕಡೆಗಿತ್ತು. ಆ ವಾರ ಅಲಂಕಾರಶಾಸ್ತ್ರದ ಪುಸ್ತಕ ತೆಗೆದು ನೋಡಿದೆ. ನಮ್ಮ ಹಿಂದಿನವರು ವಿರಹದಲ್ಲಿ ನಾಲ್ಕು ಬಗೆ ಹೇಳಿದ್ದಾರೆ. ಸೇರುವ ಮೊದಲಿನ ಹಂಬಲ ಪೂರ್ವರಾಗ, ಮುನಿಸಿಕೊಂಡು ದೂರವಾದರೆ ಮಾನ, ಊರು ಬಿಟ್ಟು ಹೋದರೆ ಪ್ರವಾಸ, ಸಾವೇ ಅಗಲಿಸಿದರೆ ಕರುಣ. ಇಷ್ಟು ಸೂಕ್ಷ್ಮವಾಗಿ ಯೋಚಿಸಿದ ಮಹನೀಯರಿಗೆ ದಿನಪತ್ರಿಕೆಯ ಪರಿಚಯ ಇರಲಿಲ್ಲ ಎನ್ನುವುದೊಂದೇ ಕೊರತೆ. ಇದ್ದಿದ್ದರೆ ಐದನೆಯದನ್ನೂ ಬರೆದಿಡುತ್ತಿದ್ದರು. ನಾಯಕ ಎದುರಿಗೇ ಇದ್ದಾನೆ, ಒಂದು ತೋಳಿನ ದೂರದಲ್ಲಿದ್ದಾನೆ, ಮಧ್ಯದಲ್ಲಿ ಸಂಪಾದಕೀಯ.

ಇದನ್ನು ನಾನು ಯಾರಿಗೂ ಹೇಳಿರಲಿಲ್ಲ. ಆದರೂ ಸರೋಜಾ ತಂದು ಬಿಚ್ಚಿದ ಕವರಿನ ಚಿತ್ರದಲ್ಲಿ ಇದ್ದದ್ದು ಅದೇ. ಚಂದ್ರನಿಲ್ಲ, ದೀಪವಿಲ್ಲ, ಬಾಗಿಲಿಗೊರಗಿದ ನೀಳ ಜಡೆಯ ಹೆಣ್ಣಿಲ್ಲ. ಎರಡು ಕುರ್ಚಿಗಳು. ಒಂದು ಖಾಲಿ. ಇನ್ನೊಂದರಲ್ಲಿ ಅಗಲವಾಗಿ ಬಿಚ್ಚಿದ ಪೇಪರು, ಅದರ ಕೆಳಗೆ ಎರಡು ಕಾಲು. ಕಾಲಲ್ಲಿ ಹವಾಯಿ ಚಪ್ಪಲಿ, ಒಂದರ ಬಾರು ನೀಲಿ, ಇನ್ನೊಂದರದ್ದು ಬಿಳಿ.

ಈ ಸಲ ಯಾರೂ ನಗಲಿಲ್ಲ. ಅದು ನಗುವುದಕ್ಕಿಂತ ಕಷ್ಟ. ಚಿತ್ರ ಬರೆದವರನ್ನು ಹಾಡಿನವರು ಪ್ರಶ್ನಿಸಬಾರದು ಎಂಬ ಕಟ್ಟಳೆ ಅವತ್ತು ನನ್ನಿಂದ ಮುರಿಯಿತು. ಜಗುಲಿಯ ತನಕ ಅವಳನ್ನು ಕಳಿಸಲು ಹೋದಾಗ, ನನ್ನ ಮನೆಯ ವರಾಂಡವನ್ನು ಊರಿಗೆಲ್ಲ ಹಂಚುವುದೇ ಎಂದು ಕೇಳಿಯೇಬಿಟ್ಟೆ. ಸರೋಜಾ ಕೊಡೆ ಬಿಚ್ಚುತ್ತ ನಿಂತಳು.

"ಸಿಟ್ಟ ಆಗಬ್ಯಾಡ್ರಿ ಅಕ್ಕಾರ. ದೀಪಾ, ಬತ್ತಿ ಎಲ್ಲಾ ಕೇಳಿದ್ದ ಅದಾವ. ಅವನ್ನ ಎಲ್ಲಾರೂ ಬರದಾರ. ಕಾದೆನು ಅಂತ ನೀವು ಹಾಡೂ ಮುಂದ ನಿಮ್ಮ ದನಿ ಕೆಳಗ ಇಳೀತೈತಲ್ರಿ, ಅಲ್ಲೆ ನನಗ ಈ ಕುರ್ಚಿ ಕಂಡ್ವು. ಬ್ಯಾಡಂದ್ರ ಹರದ ಒಗೀತೀನಿ."

ಹರಿಯಬೇಡ ಎಂದೆ. ದನಿ ಇಳಿದದ್ದು ನನಗೇ ಗೊತ್ತಿರಲಿಲ್ಲ. ಹೇಳದೆ ಬಿಟ್ಟದ್ದನ್ನು ಕೇಳಿಸಿಕೊಳ್ಳುವವರಿಗೆ ಸಂಸ್ಕೃತದಲ್ಲಿ ಸಹೃದಯ ಎನ್ನುತ್ತಾರೆ, ಅಂಥವರು ಸಿಗುವುದು ಭಾಗ್ಯ ಎನ್ನುತ್ತಾರೆ. ಸಿಕ್ಕಾಗ ಸ್ವಲ್ಪ ಉರಿಯುತ್ತದೆ ಎಂದು ಯಾರೂ ಬರೆದಿಟ್ಟಿಲ್ಲ.

ಆ ವರ್ಷದ ಕವರಿಗೆ ಅದೇ ಚಿತ್ರ ಪ್ರೆಸ್ಸಿಗೆ ಹೋಯಿತು. ಪ್ರೂಫ್ ಬಂದ ದಿನ ನಾನು ಹಿತ್ತಿಲಲ್ಲಿ ಬಟ್ಟೆ ಒಣಹಾಕುತ್ತಿದ್ದೆ. ತಂದುಕೊಟ್ಟವನಿಂದ ಇಸಿದುಕೊಂಡದ್ದು ನಮ್ಮವರು. ಒಳಗೆ ಬಂದು ನೋಡುತ್ತೇನೆ, ಕವರನ್ನು ಬೆಳಕಿಗೆ ಹಿಡಿದು ಪರೀಕ್ಷಿಸುತ್ತಿದ್ದಾರೆ. ನಂತರ ತಲೆ ಬಗ್ಗಿಸಿ ತಮ್ಮ ಚಪ್ಪಲಿ ನೋಡಿಕೊಂಡರು. ಮತ್ತೆ ಕವರು. ಮತ್ತೆ ಚಪ್ಪಲಿ.

"ಈ ಕಾಲು ನಂದು ಅಲ್ದನೆ?"

ಹೌದೆಂದೆ.

"ನಿನ್ನ ಹಾಡಿಗೆ ನನ್ನ ಕಾಲು ಎಂತಕ್ಕೆ?"

ಅದಕ್ಕೆ ಹಾಡನ್ನೇ ಕೇಳಬೇಕು ಎಂದು ಹೇಳಿ, ರಿಹರ್ಸಲ್ ಕ್ಯಾಸೆಟ್ಟನ್ನು ಟೇಪ್ ರೆಕಾರ್ಡರಿಗೆ ಹಾಕಿಕೊಟ್ಟು ಅಡಿಗೆಮನೆಗೆ ಹೋದೆ. ಇಷ್ಟು ವರ್ಷ ಕಾದ ಗಳಿಗೆ ಬಂದಾಗ ಎದುರಿಗೆ ಕೂರುವ ಧೈರ್ಯ ಆಗಲಿಲ್ಲ. ತೊಂಡೆಕಾಯಿ ಹೆಚ್ಚುತ್ತ ಕಿವಿಯನ್ನು ವರಾಂಡದಲ್ಲಿಟ್ಟೆ. ಹಾಡು ಮುಗಿಯಿತು. ಕಟಕ್ ಎಂದು ಗುಂಡಿ ಒತ್ತಿದ ಸದ್ದು, ಟೇಪು ಹಿಂದೆ ಓಡಿದ ಸದ್ದು. ಮತ್ತೆ ಮೊದಲಿಂದ. ಗಡಿಕಲ್ಲು ಸರಿಯಾಗಿದೆಯೋ ಎಂದು ಎರಡನೆಯ ಸಲ ಅಳೆಯುವ ಹಾಗೆ. ಆಮೇಲೆ ಚಪ್ಪಲಿ ಸದ್ದು ಮಾಡುತ್ತ ಬಂದು ಅಡಿಗೆಮನೆಯ ಬಾಗಿಲಲ್ಲಿ ನಿಂತರು.

"ನೀ ಬರಲಿಲ್ಲ ಹೇಳಿ ಹಾಡಿದ್ಯಲೆ. ಯಾವತ್ತು ಆನು ಬಂದಿದ್ನಿಲ್ಲೆ?"

ಅದು ಕಾವ್ಯ, ಯಾರನ್ನೂ ಉದ್ದೇಶಿಸಿದ್ದಲ್ಲ, ಕವಿಗಳು ಹಾಗೆ ಬರೆಯುತ್ತಾರೆ ಎಂದೆಲ್ಲ ಹೇಳಿದೆ. ಅವರು ಕೇಳಿಸಿಕೊಳ್ಳುವ ಸ್ಥಿತಿಯಲ್ಲಿರಲಿಲ್ಲ. ಮುಖ ಸಣ್ಣದಾಗಿತ್ತು.

"ಅರಬೈಲ್ ಘಟ್ಟದಲ್ಲಿ ನಿನ್ನ ಬಸ್ಸು ಕೆಟ್ಟು ನಿಂತಾಗ ಆನು ಬಂದಿದ್ನಲೆ."

ಕೈಯಲ್ಲಿದ್ದ ತೊಂಡೆಕಾಯಿ ಕೈಯಲ್ಲೇ ಉಳಿಯಿತು. ಮದುವೆಯಾದ ಹೊಸತು. ಅಂಕೋಲೆಯ ನೆಂಟರ ಮನೆಯಿಂದ ನಾನೊಬ್ಬಳೇ ಯಲ್ಲಾಪುರದ ದಾರಿಯಾಗಿ ಹಿಂತಿರುಗುತ್ತಿದ್ದೆ, ಘಟ್ಟದ ನಡುವೆ ಬಸ್ಸು ನಿಂತಿತು. ತಿರುವಿನ ಕಲ್ಲಿನ ಮೇಲೆ ಟ್ರಂಕನ್ನು ಪಕ್ಕಕ್ಕಿಟ್ಟುಕೊಂಡು ಸಂಜೆಯವರೆಗೆ ಕೂತಿದ್ದೆ. ಆ ಕಲ್ಲು, ಆ ಮಬ್ಬು, ಕಾಡಿನಿಂದ ಬರುತ್ತಿದ್ದ ಜೀರುಂಡೆಯ ಸದ್ದು, ಎಲ್ಲವೂ ನನಗೆ ನೆನಪಿತ್ತು. ಸಂಜೆಯ ಬಗ್ಗೆ ಹಾಡು ಬರೆಯಲು ಕೂತಾಗ ಮನಸ್ಸು ಹೋದದ್ದು ಆ ಕಲ್ಲಿನ ಹತ್ತಿರಕ್ಕೇ ಇರಬೇಕು. ಆದರೆ ಆಮೇಲೆ ಏನಾಯಿತೆಂಬುದನ್ನು ಅವರೇ ಹೇಳಬೇಕಾಯಿತು. ಆಗ ಅವರು ಯಲ್ಲಾಪುರದಲ್ಲಿ ಸರ್ವೆ ಕೆಲಸದಲ್ಲಿದ್ದರು. ಬಸ್ ಸ್ಟ್ಯಾಂಡಿನಲ್ಲಿ ಯಾರೋ ಕಂಡಕ್ಟರ್ ಸುದ್ದಿ ಹೇಳಿದನಂತೆ. ಕರಾವಳಿಗೆ ಅದಿರು ಒಯ್ಯುವ ಲಾರಿಯ ಮೇಲೆ ಹತ್ತಿ, ತಲೆಯಿಂದ ಕಾಲಿನವರೆಗೆ ಕೆಂಪು ಧೂಳಾಗಿ ಇಳಿದು ಬಂದಿದ್ದರು. ಗುರುತು ಸಿಗದೆ ನಾನು ಹೆದರಿ ಟ್ರಂಕನ್ನು ಅಪ್ಪಿ ಹಿಡಿದಿದ್ದೆನಂತೆ. ಹೇಳುತ್ತ ಹೇಳುತ್ತ ಅವರಿಗೆ ನಗು ಬಂತು. ನೀನು ಆಗ ಆಡಿದ ಮೊದಲ ಮಾತು ನೆನಪಿದೆಯೇ ಎಂದು ಕೇಳಿದರು. ಇರಲಿಲ್ಲ. "ಇಷ್ಟು ತಡ?" ಎಂದಿದ್ದೆನಂತೆ.

ನೋಡಿ, ಹಾಡಿಗೆ ಕಾಯುವುದು ಬೇಕು, ಬಂದವರು ಬೇಡ. ಮನಸ್ಸು ಕಲ್ಲನ್ನೂ ಜೀರುಂಡೆಯನ್ನೂ ಜೋಪಾನವಾಗಿಟ್ಟುಕೊಂಡು, ಧೂಳು ಮೆತ್ತಿಕೊಂಡು ಬಂದ ಮನುಷ್ಯನನ್ನು ಕೈಬಿಟ್ಟಿತ್ತು. ಕೂಟದ ಅಷ್ಟು ಜನ ರಾಗ, ತಾಳ, ಪ್ರಾಸ ಎಲ್ಲ ತಿದ್ದಿದ್ದರು. ಹಾಡು ಸುಳ್ಳು ಹೇಳುತ್ತಿದೆ ಎಂದು ತೋರಿಸಲು, ಜೀವಮಾನದಲ್ಲೇ ಹಾಡಿನ ತಂಟೆಗೆ ಹೋಗದವರು ಬರಬೇಕಾಯಿತು. ನಾನು ಹಂಬಲಿಸಿದ್ದ ರಿಮಾರ್ಕ್ ಹೀಗೆ ಬಂದು ತಲುಪಿತು, ನನ್ನ ಪಲ್ಲವಿಯನ್ನೇ ಬುಡಸಮೇತ ಕಿತ್ತುಕೊಂಡು. ಅವತ್ತಿನ ಪಲ್ಯಕ್ಕೆ ಉಪ್ಪು ಹಾಕಲು ಮರೆತಿದ್ದೆ. ಇಬ್ಬರಿಗೂ ಗೊತ್ತಾಗಲಿಲ್ಲ.

ರೆಕಾರ್ಡಿಂಗಿಗೆ ಮೊದಲು ಕೂಟದ ಮುಂದೆ ಹೊಸ ಸಾಲು ಇಟ್ಟೆ: "ಕಾದೆನು, ತಡವಾಗಿ ಬಂದೆ." ಗಣಪಣ್ಣ ತಲೆಗೆ ಕೈ ಹೊತ್ತುಕೊಂಡ. ಒಂದು ಮಾತ್ರೆ ಹೆಚ್ಚಾಯಿತು, ಅದನ್ನು ಹೇಗೋ ಹಾರ್ಮೋನಿಯಂನಲ್ಲಿ ನುಂಗಿಕೊಳ್ಳಬಹುದು, ಆದರೆ ನಾಯಕ ಬಂದೇಬಿಟ್ಟರೆ ವಿರಹದ ಗತಿ ಏನು ಎಂಬುದು ಅವನ ಚಿಂತೆ. ಸರೋಜಾ ನನ್ನ ಮುಖವನ್ನೇ ನೋಡುತ್ತಿದ್ದಳು. ಕವರು ಬದಲಾಗುವಂತಿರಲಿಲ್ಲ, ಪ್ರೆಸ್ಸಿನಲ್ಲಿ ಅಚ್ಚಿನ ಬ್ಲಾಕ್ ಆಗಿಹೋಗಿತ್ತು. ಹಾಗಾಗಿ ಆ ವರ್ಷ ಉಪನಯನದ ಮನೆಗಳಲ್ಲೆಲ್ಲ ನಮ್ಮವರ ಕಾಲುಗಳು ಹಂಚಲ್ಪಟ್ಟವು. ಚಪ್ಪಲಿ ಬಾರು ಬದಲಿಸಿ ಎಂದು ನೆಂಟರು ಹೇಳಿದರೆ ನಮ್ಮವರು ಕೇಳಲಿಲ್ಲ. ಕವರಿನಲ್ಲಿ ಹಾಗೆ ಇದೆಯಲ್ಲ ಎನ್ನುತ್ತಿದ್ದರು.

ಕ್ಯಾಸೆಟ್ ಮನೆಗೆ ಬಂದಾಗ ಮೊದಲು ಕೇಳಿದವರೂ ಅವರೇ. ಈ ಸಲ ನಾನು ಎದುರಿನ ಕುರ್ಚಿಯಲ್ಲೇ ಕೂತಿದ್ದೆ. ಪಲ್ಲವಿ ಬಂದಾಗ ಕಣ್ಣು ಮುಚ್ಚಿದರು, ಮುಗಿದಾಗ ತೆರೆದರು. ಈಗ ಸರಿಯಾಯಿತೇ ಎಂದೆ. ಬಂದದ್ದನ್ನು ಒಪ್ಪಿದ್ದೀಯ, ಸರಿ ಎಂದರು. ಆಮೇಲೆ, "ಆದರೆ ಆ ತಡ ಹೇಳಿದ್ದು ತೆಗೀಲಕ್ಕಾಗಿತ್ತು. ತಡ ಮಾಡಿದ್ದು ಲಾರಿ, ಆನಲ್ಲ" ಎಂದರು.

ಅಂದಿನಿಂದ ಇಂದಿನವರೆಗೆ ಈ ಬೇಡಿಕೆ ಆಗಾಗ ಬರುತ್ತಲೇ ಇದೆ. ಈಗ ಕ್ಯಾಸೆಟ್ಟು ಕೇಳುವ ಯಂತ್ರವೂ ಮನೆಯಲ್ಲಿಲ್ಲ. ಆದರೂ ನಾನು ಕೆಲಸ ಮಾಡುತ್ತ ಆ ಹಾಡನ್ನು ಗುನುಗಿದರೆ ಸಾಕು, ಪೇಪರಿನ ಹಿಂದಿನಿಂದ "ಲಾರಿ, ಲಾರಿ" ಎಂಬ ತಿದ್ದುಪಡಿ ಕೇಳಿಸುತ್ತದೆ. ಅವರ ಮಾತು ನ್ಯಾಯವಾದದ್ದೇ. ಅಷ್ಟಿದ್ದರೂ ಆ ಶಬ್ದವನ್ನು ನಾನು ಬಿಟ್ಟುಕೊಟ್ಟಿಲ್ಲ, ಕೊಡುವುದೂ ಇಲ್ಲ. ಅದನ್ನು ತೆಗೆದುಬಿಟ್ಟರೆ ಅವರಿಗೆ ಆ ಹಾಡಿನಲ್ಲಿ ಹೇಳುವುದಕ್ಕೇನೂ ಉಳಿಯುವುದಿಲ್ಲ. ಮತ್ತೆ ಅವರು ಕಿವಿಗೊಡುವುದು ಯಾತಕ್ಕೆ?