ಮರಳಿನ ಹೊಲಿಗೆ, ಸಕ್ಕರೆಯ ಹೊಲಿಗೆ

ಚೀಲದ ಕಾರ್ಖಾನೆಯ ಮಿಂಚಕ್ಕನಿಗೆ ಆ ಅಡ್ಡಹೆಸರು ಸುಮ್ಮನೆ ಬಂದದ್ದಲ್ಲ. ಯುದ್ಧಕಾಲದಲ್ಲಿ ಮರಳು ತುಂಬುವ ಚೀಲಗಳನ್ನು ಅವಳಷ್ಟು ಬೇಗ ಹೊಲಿದವರು ಇಡೀ ಬಂದರಿನಲ್ಲೇ ಇರಲಿಲ್ಲ. ಉಳಿದವರು ದಬ್ಬಣಕ್ಕೆ ದಾರ ಪೋಣಿಸುವಷ್ಟರಲ್ಲಿ ಇವಳದೊಂದು ಚೀಲ ಮುಗಿದಿರುತ್ತಿತ್ತು. ಹೊಲಿಗೆ ಅಗಲಗಲ, ಆದರೇನಂತೆ, ಮರಳಿಗೆ ಯಾರಾದರೂ ಕುಸುರಿ ಮಾಡುತ್ತಾರೆಯೇ! ಆ ಚೀಲಗಳನ್ನು ಬಂದರಿನ ಬಾಗಿಲಲ್ಲಿ ಗೋಡೆಯ ಹಾಗೆ ಪೇರಿಸಿದರು. ಅದರ ಹಿಂದೆ ಕಾವಲು ನಿಂತ ಅವಳ ಒಬ್ಬನೇ ಮಗ ಮನೆಗೆ ಬರಲಿಲ್ಲ.

ಯುದ್ಧ ಮುಗಿಯಿತು. ಮುಳುಗಿದ ಹಡಗುಗಳನ್ನು ಎಳೆದುಹಾಕಿ, ಹಡಗು ನಿಲ್ಲುವ ದಕ್ಕೆ ರಿಪೇರಿ ಮಾಡಿದ ಮೇಲೆ, ಸಕ್ಕರೆ ಒಯ್ಯಲು ಮೊದಲ ಹಡಗು ಬಂತು. ಕ್ರೇನು ಎತ್ತಿದ್ದೇ ತಡ, ಮಿಂಚಕ್ಕ ಹೊಲಿದ ಚೀಲಗಳು ಬಾಯಿಬಿಟ್ಟು ಸಕ್ಕರೆಯೆಲ್ಲ ನೀರುಪಾಲು!

“ಅಕ್ಕಾ, ಒತ್ತೊತ್ತಾಗಿ ಹೊಲೀರಿ,” ಎಂದ ಮೇಸ್ತ್ರಿ. “ಹೀಗಾದ್ರೆ ಆ ಹಡಗಿನವರು ಇನ್ನು ಈ ಕಡೆ ತಲೆ ಹಾಕಿಯೂ ಮಲಗಲ್ಲ.”

“ನನ್ನ ಹೊಲಿಗೆಗೇನಾಗಿದೆ? ಕ್ರೇನಿನವನಿಗೆ ಎತ್ತೋಕೆ ಬರಲ್ಲ.”

“ಕುಣಿಯಲಾರದವಳು ನೆಲ ಡೊಂಕು ಅಂದಳಂತೆ,” ಎಂದು ಪಕ್ಕದಲ್ಲೇ ಹೊಲಿಯುತ್ತಿದ್ದ ನಾದಿನಿ ಕಿಚಾಯಿಸಿದಳು. ಎಲ್ಲರೂ ನಕ್ಕರು. ಮೇಸ್ತ್ರಿ ಮಾತ್ರ, ನಾಳೆಯಿಂದ ಗುಡಿಸುವ ಕೆಲಸಕ್ಕೆ ಹೋಗಿ ಎಂದುಬಿಟ್ಟ.

ಹಟಮಾರಿ ಹೆಂಗಸು ಅಂದರು ಜನ. ಅಯ್ಯೋ, ಬರೀ ಹಟವಾಗಿದ್ದರೆ ಎಷ್ಟು ಚೆನ್ನಾಗಿತ್ತು! ತನ್ನ ಹೊಲಿಗೆ ಸಡಿಲ ಅಂತ ಒಪ್ಪಿಕೊಂಡರೆ, ಮಗ ನಂಬಿ ನಿಂತ ಗೋಡೆಯೂ ಸಡಿಲವೇ ಆಗಿತ್ತಲ್ಲ?

ಊಟದ ಹೊತ್ತಿಗೆ ಇದನ್ನು ನಾದಿನಿಯ ಮುಂದೆ ಬಾಯಿಬಿಟ್ಟು ಹೇಳಿದಳು.

“ಬಾಂಬು ಬಿದ್ದರೆ ಕಲ್ಲಿನ ಗೋಡೆನೂ ನಿಲ್ಲಲ್ಲ ಅತ್ತಿಗೆ. ನಿನ್ನ ದಾರದ ತಪ್ಪಲ್ಲ.”

“ನೀನು ನೋಡಿದ್ಯಾ?”

ನಾದಿನಿ ನೋಡಿರಲಿಲ್ಲ. ನೋಡಿದವರು ಯಾರೂ ಉಳಿದಿರಲಿಲ್ಲ.

“ಇಲ್ಲ,” ಎಂದಳು. “ಅದು ನಮಗೆ ಯಾವತ್ತೂ ಗೊತ್ತಾಗಲ್ಲ. ಆದರೆ ನಾಳೆ ಪೊರಕೆ ಹಿಡಿದರೂ ಗೊತ್ತಾಗಲ್ಲ. ಒಂದು ಚೀಲ ಹೊಲಿ.”

ಮಿಂಚಕ್ಕ ತನ್ನದೇ ಒಂದು ಚೀಲದ ಹೊಲಿಗೆ ಬಿಚ್ಚಿ, ಬಾಯಿಯ ಒಂದು ತುದಿಯಿಂದ ಮತ್ತೆ ಶುರುಮಾಡಿದಳು. ನಿಧಾನವಾಗಿ, ಒತ್ತೊತ್ತಾಗಿ. ಮೇಸ್ತ್ರಿ ಅದಕ್ಕೆ ಸಕ್ಕರೆ ತುಂಬಿಸಿ ದಕ್ಕೆಯ ಕ್ರೇನಿಗೆ ನೇತುಹಾಕಿಸಿದ, ಎತ್ತರದಿಂದ ಧೊಪ್ಪೆಂದು ಇಳಿಸಿದ. ಒಂದು ಕಾಳೂ ಸೋರಲಿಲ್ಲ.

“ಭೇಷ್ ಅಕ್ಕಾ!” ಎಂದ ಮೇಸ್ತ್ರಿ. ಹೆಂಗಸರೆಲ್ಲ ಚಪ್ಪಾಳೆ ತಟ್ಟಿದರು.

ಮಿಂಚಕ್ಕ ದಕ್ಕೆಯ ಮೇಲೇ ಕುಸಿದು ಕೂತು, ನಾದಿನಿಯ ಕೈ ಹಿಡಿದು ಗೊಳೋ ಎಂದು ಅತ್ತಳು.

“ಹೀಗೆ ಹೊಲಿಯೋದು ನನಗೆ ಆಗಲೂ ಬರ್ತಿತ್ತು ಕಣೇ.”