ಕ್ಯಾಮೆರಾ ಕಂಡ ಕೈ

“ಅಲುಗಾಡದೆ ಕೂರೋದೇ ನನ್ನ ಕಸುಬು. ನೀವು ಫೋಟೊ ಹೊಡೀರಿ ಮಾರಾಯ್ರೆ” ಎಂದರು ಇಸ್ಮಾಯಿಲ್ ಸಾಹೇಬರು. ಕೊಪ್ಪದ ಬಸ್‌ಸ್ಟ್ಯಾಂಡ್ ಬಳಿ ಐವತ್ತು ವರ್ಷಗಳಿಂದ ವಾಚ್ ರಿಪೇರಿ ಮಾಡುತ್ತಿರುವವರು. ನನ್ನ ಹೆಂಡತಿಯ ಪುಟ್ಟ ವಾಚನ್ನು ಬಿಚ್ಚಿ ಹರಡಿಕೊಂಡಿದ್ದರು. ನನ್ನ ಫೋಟೊ ಸ್ಟುಡಿಯೋಗೆ ತಂದ ಹೊಸ ಮಿರರ್‌ಲೆಸ್ ಕ್ಯಾಮೆರಾವನ್ನು ಪರೀಕ್ಷಿಸಲು ಅದಕ್ಕಿಂತ ಒಳ್ಳೆಯ ವಸ್ತು ನನಗೆ ಕಾಣಲಿಲ್ಲ.

ಅದರ ಮಲ್ಟಿ-ಶಾಟ್ ಮೋಡ್ ಒಂದೇ ದೃಶ್ಯವನ್ನು ಹದಿನಾರು ಸಲ ತೆಗೆದು, ಎಲ್ಲವನ್ನೂ ಸೇರಿಸಿ ಒಂದೇ ಚಿತ್ರ ಮಾಡುತ್ತದೆ. ಅಷ್ಟರಲ್ಲಿ ಏನಾದರೂ ಕೂದಲೆಳೆಯಷ್ಟು ಅಲುಗಿದರೂ ಚಿತ್ರ ಕೆಡುತ್ತದೆ. ಅದಕ್ಕೇ ಕೈ ಆಚೆ ಇಡಿ ಎಂದಿದ್ದೆ. ಅವರು ಇಡಲಿಲ್ಲ.

ಚಿತ್ರವನ್ನು ಲ್ಯಾಪ್‌ಟಾಪಿನಲ್ಲಿ ಹಿಗ್ಗಿಸಿ ನೋಡಿದೆವು. ವಾಚಿನ ಚಕ್ರಗಳ ಹಲ್ಲುಗಳನ್ನು ಎಣಿಸಬಹುದಿತ್ತು. ಅವರು ಹಿಡಿದಿದ್ದ ಸ್ಕ್ರೂಡ್ರೈವರಿಗೆ ಮಾತ್ರ ಮೂರು ತುದಿಗಳಿದ್ದವು.

“ಹೊಸದಲ್ವಾ, ಕ್ಯಾಮೆರಾದ್ದೇ ಏನೋ ತೊಂದರೆ” ಎಂದೆ.

“ಹಲ್ಲೆಲ್ಲ ಸರಿಯಾಗಿ ಬಂದಿದೆಯಲ್ಲ. ಕ್ಯಾಮೆರಾ ಚೆನ್ನಾಗಿದೆ” ಎಂದರು. ಬಲಗೈಯನ್ನು ಕಣ್ಣೆದುರು ಹಿಡಿದು ಸ್ವಲ್ಪ ಹೊತ್ತು ನೋಡಿಕೊಂಡರು. ಆಮೇಲೆ ವಾಚಿನ ಭಾಗಗಳನ್ನು ಒಂದೊಂದಾಗಿ ಸಣ್ಣ ಡಬ್ಬಿಗೆ ಹಾಕಿ ನನ್ನ ಕಡೆ ತಳ್ಳಿದರು. “ಇದನ್ನ ಶಿವಮೊಗ್ಗದಲ್ಲಿ ಯಾರ ಹತ್ರ ಆದ್ರೂ ಜೋಡಿಸಿಕೊಳ್ಳಿ.”

ಕ್ಯಾಮೆರಾ ಹೇಗಿದೆ ಎಂದು ಕೇಳಿದವರಿಗೆಲ್ಲ ಚೆನ್ನಾಗಿದೆ ಎಂದೇ ಹೇಳುತ್ತೇನೆ. ಅದು ನಿಜವೂ ಹೌದು. ಆ ಬಳಿಕ ಶಿವಮೊಗ್ಗಕ್ಕೆ ನಾಲ್ಕು ಸಲ ಹೋಗಿ ಬಂದೆ. ಡಬ್ಬಿ ಸ್ಟುಡಿಯೋದ ಮೇಜಿನ ಮೇಲೇ ಇದೆ.