ಕರಾರಿನಲ್ಲಿ ಇಲ್ಲದ ಗೋಡೆ

ಬಚ್ಚಲಲ್ಲಿ ಸಿಕ್ಕಿಹಾಕಿಕೊಂಡವಳ ಕಥೆ ಕೇಳಿ ನಗುವವರು ನಗಲಿ, ನನಗೇನೂ ಬೇಜಾರಿಲ್ಲ. ಚನ್ನರಾಯಪಟ್ಟಣದ ನಮ್ಮ ಮಹಡಿ ಮನೆಯಲ್ಲಿ ಒಂದು ಬೆಳಿಗ್ಗೆ ತಲೆಗೆ ನೀರು ಹಾಕಿಕೊಂಡು ಚಿಲಕ ತೆಗೆದರೆ ಬಾಗಿಲು ಬರಲಿಲ್ಲ. ಎಳೆದೆ, ಒದ್ದೆ, ಬೈದೆ. ಮೇಲಿನ ಚೌಕಟ್ಟು ಇಳಿದು ಬಾಗಿಲನ್ನು ಒತ್ತಿಕೊಂಡು ಕೂತಿತ್ತು. ಯಜಮಾನರು ತಮ್ಮ ಪಾತ್ರೆ ಅಂಗಡಿಗೆ ಹೋಗಿಯಾಗಿತ್ತು, ಇನ್ನು ಮಧ್ಯಾಹ್ನದ ಊಟಕ್ಕೇ ಅವರು ಬರುವುದು. ಉಸಿರು ಕಟ್ಟಿದ ಹಾಗಾಗಿ ಗವಾಕ್ಷಿಗೆ ಬಾಯಿಟ್ಟು ಕಿರುಚಿದೆ. ಕೆಳಗಿನ ಮಳಿಗೆಯಲ್ಲಿ ಬೇಕರಿ ಇಟ್ಟುಕೊಂಡಿದ್ದ ನಮ್ಮ ಬಾಡಿಗೆದಾರ ಓಡಿ ಬಂದು ಹಾರೆಯಿಂದ ಮೀಟಿ ಬಾಗಿಲು ಬಿಡಿಸಿದ.

ಮಳೆಗೆ ಮರ ಉಬ್ಬಿಕೊಂಡಿದೆ ಎಂದ. ಸಾಯಂಕಾಲ ತಾನೇ ಬಡಗಿಯನ್ನು ಕರೆತಂದು ಬಾಗಿಲ ಮೇಲಂಚು ಹೆರೆಸಿದ, ಕೂಲಿಯನ್ನೂ ತಾನೇ ಕೊಟ್ಟ. ನಾನು ಪೆದ್ದಿ, ಅವನಿಗೆ ಕಾಫಿ ಮಾಡಿಕೊಟ್ಟೆ. ಇಂಥ ಬಾಡಿಗೆದಾರ ಸಿಗಬೇಕಾದರೆ ಪುಣ್ಯ ಮಾಡಿರಬೇಕು ಎಂದು ಯಜಮಾನರ ಹತ್ತಿರ ಹೊಗಳಿದ್ದೂ ಆಯಿತು. ಬಾಗಿಲು ಯಾಕೆ ಕಚ್ಚಿಕೊಂಡಿತೆಂಬುದು ಅವನಿಗೆ ಆವತ್ತೇ ಗೊತ್ತಿತ್ತು. ಈಗ ನೆನೆಸಿಕೊಂಡರೆ ಆ ಕಾಫಿಯನ್ನು ಅವನ ತಲೆಯ ಮೇಲೆ ಸುರಿಯಬೇಕಿತ್ತು ಅನ್ನಿಸುತ್ತದೆ.

ನಾವು ಜೈನರು. ಕೆಳಗೆ ಮಳಿಗೆ, ಮೇಲೆ ಮನೆ, ಎರಡನ್ನೂ ಕಟ್ಟಿಸಿದವರು ನಮ್ಮ ಮಾವನವರು. ಪಿಲ್ಲರು ಗಿಲ್ಲರು ಇಲ್ಲದ ಹಳೇ ರೀತಿಯ ಕಟ್ಟಡ. ಕೆಳಗಿನ ಇಟ್ಟಿಗೆ ಗೋಡೆಗಳೇ ಮೇಲಿನದನ್ನೆಲ್ಲ ಹೊತ್ತಿದ್ದವು. ಅರಕಲಗೂಡು ಕಡೆಯ ಈ ಮನುಷ್ಯ ಬೇಕರಿಗೆಂದು ಮಳಿಗೆ ಕೇಳಿಕೊಂಡು ಬಂದಾಗ ಮಾವನವರು ಇನ್ನೂ ಇದ್ದರು. ಬೇಕರಿ ಅಂದರೆ ಮೊಟ್ಟೆ. ಅವರು ಒಂದು ವಾರ ಒಪ್ಪಲಿಲ್ಲ. ಮೊಟ್ಟೆ ಮುಟ್ಟುವುದಿಲ್ಲವೆಂದು ಅವನು ಆಣೆ ಇಟ್ಟ ಮೇಲೆ, ಆಣೆಯೆಲ್ಲ ಬೇಡ, ಬರೆದುಕೊಡು ಅಂದರು.

ತಾಲ್ಲೂಕು ಕಚೇರಿ ಎದುರಿನ ಪತ್ರ ಬರೆಯುವವನ ಮೇಜಿನ ಮುಂದೆ ಕೂತು ಮಾವನವರು ಒಂದೂವರೆ ಪುಟ ಹೇಳಿ ಬರೆಸಿದರು. ಮಳಿಗೆಯೊಳಗೆ ಮೊಟ್ಟೆ ತರಕೂಡದು. ಮೊಟ್ಟೆ ಬೆರೆತ ಪುಡಿ ತರಕೂಡದು. ಬೇರೆ ಕಡೆ ಮಾಡಿಸಿದ ಮೊಟ್ಟೆಯ ಕೇಕನ್ನು ಇಲ್ಲಿಟ್ಟು ಮಾರಕೂಡದು. ಕೆಲಸದವರು ಬುತ್ತಿಯಲ್ಲೂ ತರಕೂಡದು. ಗೋಡೆ, ಸೂರಿನ ಬಗ್ಗೆ ಏನಾದರೂ ಸೇರಿಸಲೇ ಎಂದು ಪತ್ರ ಬರೆಯುವವನು ಕೇಳಿದ. ಮಾವನವರು ನಕ್ಕುಬಿಟ್ಟರು. ಗೋಡೆಯನ್ನು ಯಾರು ಹೊತ್ತುಕೊಂಡು ಹೋಗುತ್ತಾರೆ ಅಂದರು. ನಾವೂ ನಕ್ಕೆವು. ಸುಣ್ಣಬಣ್ಣ ಬಾಡಿಗೆದಾರನದು ಅನ್ನುವ ಒಂದು ಸಾಲು ಬಿಟ್ಟರೆ ಕಟ್ಟಡದ ಬಗ್ಗೆ ಆ ಕರಾರಿನಲ್ಲಿ ಬೇರೇನೂ ಇರಲಿಲ್ಲ.

ಮಾವನವರು ಹೋಗುವ ಮುಂಚೆ ಕಟ್ಟಡವನ್ನು ನನ್ನ ಹೆಸರಿಗೆ ಮಾಡಿದರು. ಮಗ ಸಾಧು, ಯಾರಾದರೂ ಕೇಳಿದರೆ ಬರೆದುಕೊಟ್ಟುಬಿಡುತ್ತಾನೆ, ಸೊಸೆ ಜಗಳಗಂಟಿ ಅಂತ. ಅದು ಹೊಗಳಿಕೆಯೋ ಬೈಗುಳವೋ ನನಗೆ ಇವತ್ತಿಗೂ ತಿಳಿದಿಲ್ಲ.

ಮಾವನವರು ಹೋದ ಮರುವರ್ಷ ದಶಲಕ್ಷಣ ಪರ್ವಕ್ಕೆ ನಾವಿಬ್ಬರೂ ಹತ್ತು ದಿನ ಬೆಳಗೊಳದಲ್ಲೇ ಉಳಿದಿದ್ದೆವು. ಬಂದು ನೋಡಿದರೆ ಬೇಕರಿ ಉದ್ದಕ್ಕೂ ಬೆಳೆದಿತ್ತು. ಹಿಂದಿನ ಗೋದಾಮಿನ ಜಾಗದಲ್ಲಿ ದೊಡ್ಡ ಓವನ್ನು, ಮುಂದೆ ಹೊಸ ಗಾಜಿನ ಬೀರು, ಪಕ್ಕಕ್ಕೆ ಕನ್ನಡಿ. ಗೋಡೆಯನ್ನು ಸ್ವಲ್ಪ ಸರಿಸಿಕೊಂಡೆ ಎಂದ. ನಾನು ನಿಂತು ನೋಡಿ, ಈಗ ಗಾಳಿ ಬೆಳಕು ಚೆನ್ನಾಗಿ ಬರುತ್ತೆ ಕಣಪ್ಪ ಅಂದೆ. ಅವನ ಕೈಯಿಂದ ಮೊಟ್ಟೆಯಿಲ್ಲದ ಜೇನುಕೇಕು ಇಸಕೊಂಡು ಮೇಲೆ ಹೋದೆ. ನನ್ನ ಬಾಯಿಗಿಷ್ಟು ಬೆಂಕಿ ಹಾಕ.

ಅವನು ಗೋಡೆಯನ್ನು ಸರಿಸಿರಲಿಲ್ಲ, ಪೂರ್ತಿ ತೆಗೆದಿದ್ದ. ಅದರ ನೇರ ಮೇಲಕ್ಕೆ ನಮ್ಮ ಅಡುಗೆಮನೆ, ಬಚ್ಚಲು. ಬಚ್ಚಲ ಬಾಗಿಲು ಕಚ್ಚಿಕೊಂಡ ಒಂದು ತಿಂಗಳಿಗೆ ಅಡುಗೆಮನೆಯ ನೆಲದಲ್ಲಿ ಬಿರುಕು ಬಿಟ್ಟಿತು. ನುಗ್ಗೇಹಳ್ಳಿ ಬಸ್ಸು ಬೀದಿಯಲ್ಲಿ ಹಾದರೆ ಸಾಕು, ಗೂಡಿನಲ್ಲಿದ್ದ ಲೋಟಗಳು ಗಲಗುಟ್ಟುತ್ತಿದ್ದವು. ಕೊನೆಗೆ ಹಾಸನದಿಂದ ಎಂಜಿನಿಯರನ್ನು ಕರೆಸಿದೆವು. ಅವನು ಮೇಲೆ ಎರಡು ನಿಮಿಷವೂ ನಿಲ್ಲಲಿಲ್ಲ. ಕೆಳಗಿಳಿದು ಬೇಕರಿಯ ಸೂರು ನೋಡಿ, ಇಲ್ಲಿದ್ದ ಗೋಡೆ ಎಲ್ಲಿ ಎಂದು ಕೇಳಿದ. ಇವತ್ತೇ ಮನೆ ಖಾಲಿ ಮಾಡಿ, ರಿಪೇರಿ ಆಗುವವರೆಗೆ ಮೆಟ್ಟಿಲು ಹತ್ತಬೇಡಿ ಎಂದ. ಸಂಜೆಯೊಳಗೆ ಮಳಿಗೆ ತುಂಬ ಸೂರಿಗೆ ಆಸರೆಯಾಗಿ ಕಬ್ಬಿಣದ ಊರುಗಂಬಗಳನ್ನು ನಿಲ್ಲಿಸಿದರು. ನಾಲ್ಕೇ ದಿನಕ್ಕೆ ಬೇಕರಿಯವನು ಓವನ್ನನ್ನೂ ಗಾಜಿನ ಬೀರುವನ್ನೂ ಲಾರಿಗೆ ಹೇರಿಕೊಂಡು ಹೊಳೆನರಸೀಪುರಕ್ಕೆ ಹೊರಟುಹೋದ.

ನಾವು ಹೋದದ್ದು ಬಸದಿಯ ಹಿಂದಿನ ಬೀದಿಯ ಎರಡು ಕೋಣೆಯ ಬಾಡಿಗೆ ಮನೆಗೆ. ಗೋಡೆಗೆ ಮೊಳೆ ಹೊಡೆಯಬೇಡಿ, ಗಾರೆ ಉದುರುತ್ತೆ ಅಂತ ಆ ಮನೆಯ ಯಜಮಾನಿ ಮೊದಲ ದಿನವೇ ಹೇಳಿದಳು. ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಬಚ್ಚಲು ಹಿತ್ತಲಲ್ಲಿ, ಎರಡು ಸಂಸಾರಕ್ಕೆ ಒಂದೇ. ಚಿಲಕ ಹಾಕಿಕೊಳ್ಳಲು ನನಗೆ ಕೈ ಬರುತ್ತಿರಲಿಲ್ಲ. ಬಾಗಿಲು ಬರೀ ಮುಂದೆ ಮಾಡಿಕೊಂಡು, ಯಜಮಾನರನ್ನು ಹೊರಗೆ ಕಾವಲು ನಿಲ್ಲಿಸಿ ನೀರು ಹುಯ್ದುಕೊಳ್ಳುತ್ತಿದ್ದೆ. ಅವರು ಪಾಪ, ಆಚೆಮನೆಯವರ ಕಣ್ಣು ತಪ್ಪಿಸಲು ಪೇಪರು ಹಿಡಿದು ನಿಲ್ಲುತ್ತಿದ್ದರು. ನನಗೆ ಬೇರೆ ಏನೂ ಬೇಕಿರಲಿಲ್ಲ. ನಮ್ಮ ಮನೆಗೆ ವಾಪಸು ಹೋಗಬೇಕಿತ್ತು, ಇವರನ್ನು ಕರೆದುಕೊಂಡು.

ರಿಪೇರಿಗೆ ಎಂಜಿನಿಯರು ಹೇಳಿದ್ದು ಎಂಟು ಲಕ್ಷ. ಪಾತ್ರೆ ಅಂಗಡಿಯನ್ನೇ ಮಾರಬೇಕು. ವಕೀಲರ ಹತ್ತಿರ ಹೋದೆ. ನೋಟಿಸು ಕೊಟ್ಟೆವು, ಅವನ ಕಡೆಯಿಂದ ಉತ್ತರವೂ ಬಂತು. ಕರಾರಿನ ಯಾವ ಷರತ್ತನ್ನೂ ತಾನು ಮೀರಿಲ್ಲ, ಮಾಲೀಕರು ಖುದ್ದು ಬಂದು ನೋಡಿ ಗಾಳಿ ಬೆಳಕು ಚೆನ್ನಾಗಿದೆ ಎಂದು ಮೆಚ್ಚಿದ್ದಾರೆ ಎಂದಿತ್ತು. ಓದಿ ಮೈಯೆಲ್ಲ ಉರಿದುಹೋಯಿತು. ವಕೀಲರು ಸಮಾಧಾನ ಹೇಳಿದರು. ಕರಾರಿನಲ್ಲಿ ಬರೆಯದಿದ್ದರೂ ಗೋಡೆ ಕೆಡವುವ ಹಕ್ಕು ಬಾಡಿಗೆದಾರನಿಗೆ ಇಲ್ಲ, ಕೇಸು ಗೆಲ್ಲುತ್ತೇವೆ ಅಂದರು. ಎಷ್ಟು ದಿನ ಹಿಡಿಯುತ್ತೆ ಎಂದೆ. ಅದು ಮಾತ್ರ ಕೇಳಬೇಡಿ ಅಂದರು. ಕೋರ್ಟಿನ ಕಡೆಯವರು ಬಂದು ನೋಡಿ ವರದಿ ಕೊಡುವವರೆಗೆ ಕಟ್ಟಡವನ್ನು ಮುಟ್ಟುವ ಹಾಗಿಲ್ಲ, ರಿಪೇರಿ ಮಾಡಿಸಿದರೆ ಸಾಕ್ಷಿಯೇ ಹೋಗುತ್ತದೆ ಅಂತಲೂ ಸೇರಿಸಿದರು. ರಿಪೇರಿ ಮಾಡಿಸಿದರೆ ದುಡ್ಡಿಲ್ಲ, ಮಾಡಿಸದಿದ್ದರೆ ಮನೆಯಿಲ್ಲ. ಅತ್ತ ದರಿ, ಇತ್ತ ಪುಲಿ.

ಸುಮ್ಮನೆ ಕೂರುವ ಜಾಯಮಾನ ನನ್ನದಲ್ಲ. ಬಸ್ಸು ಹತ್ತಿ ಹೊಳೆನರಸೀಪುರಕ್ಕೆ ಹೋದೆ. ಒಂದು ಸಲ ಅಲ್ಲ, ಐದು ಸಲ. ಅವನು ಒಂದು ಸಲವೂ ಮುಖ ತಪ್ಪಿಸಲಿಲ್ಲ, ಅದೇ ದೊಡ್ಡ ಕಷ್ಟ. ಬನ್ನಿ ಎಂದು ಕುರ್ಚಿ ಹಾಕಿಸುತ್ತಿದ್ದ, ಯಜಮಾನರ ಆರೋಗ್ಯ ವಿಚಾರಿಸುತ್ತಿದ್ದ. ನಾನು ಗಟ್ಟಿ ದನಿಯಲ್ಲಿ ಬೈದರೆ ಗಿರಾಕಿಗಳ ಮುಂದೆ ತಲೆ ತಗ್ಗಿಸಿ ನಿಂತು ಕೇಳುತ್ತಿದ್ದ. ಎಲ್ಲ ಬೈದು ಮುಗಿಸಿ ನೋಡಿದರೆ ಗಿರಾಕಿಗಳು ನನ್ನನ್ನೇ ಕೆಟ್ಟವಳ ಹಾಗೆ ನೋಡುತ್ತಿರುತ್ತಿದ್ದರು. ಗಾಜಿನ ಬೀರುವಿನಲ್ಲಿ ಮೊಟ್ಟೆ ಪಫ್ಸು ಸಾಲಾಗಿ ಕೂತಿರುತ್ತಿದ್ದವು.

ಐದನೇ ಸಲ ನನ್ನಲ್ಲಿ ಬೈಯುವ ಶಕ್ತಿ ಉಳಿದಿರಲಿಲ್ಲ. ಕುರ್ಚಿಯಲ್ಲಿ ಕೂತು, ಗೋಡೆ ಒಡೆಯುವಾಗ ಮೇಲೆ ಎರಡು ಜೀವ ಇದೆ ಅಂತ ನಿನಗೆ ಅನ್ನಿಸಲಿಲ್ಲವೇನಪ್ಪ ಎಂದು ಕೇಳಿದೆ.

"ಮೇಸ್ತ್ರಿ ಏನೂ ಆಗಕಿಲ್ಲ ಅಂದ ಕಣಮ್ಮಾ, ನಂಬ್ಬುಟ್ಟೆ" ಎಂದ. "ಆ ಬಚ್ಚಲ ಬಾಗ್ಲು ಕಚ್ಕತಲ್ಲ, ಆವತ್ತಿಂದ ನಂಗೂ ನಿದ್ದೆ ಇಲ್ಲ. ಏಳಕ್ಕೆ ಬಾಯ್ ಬರ್ನಿಲ್ಲ."

ಆಮೇಲೆ ಕುರ್ಚಿ ಎಳೆದುಕೊಂಡು ಎದುರಿಗೆ ಕೂತ. ಇಲ್ಲಿ ವ್ಯಾಪಾರ ಕೈ ಹಿಡಿದಿಲ್ಲವಂತೆ, ಚನ್ನರಾಯಪಟ್ಟಣದ ಗಿರಾಕಿಯೇ ಬೇಕಂತೆ. ಅವನ ಲೆಕ್ಕ ಹೀಗಿತ್ತು: ಕಬ್ಬಿಣದ ತೊಲೆ ಹಾಕಿಸಿ ಗೋಡೆ ಕಟ್ಟಿಸುವ ಕೆಲಸ ಪೂರಾ ಅವನದು, ಅರ್ಧ ಖರ್ಚು ಅವನ ಕೈಯಿಂದ, ಉಳಿದರ್ಧ ಅವನೇ ಸಾಲ ತಂದು ಹಾಕಿ ಬಾಡಿಗೆಯಲ್ಲಿ ಮುರಿದುಕೊಳ್ಳುವುದು. ಎಂಟು ಲಕ್ಷ ಪೂರ್ತಿ ನೀನೇ ಕಕ್ಕು ಎಂದರೆ ಅವನ ಹತ್ತಿರ ಇಲ್ಲ. ಅದು ಸುಳ್ಳಲ್ಲ ಅಂತ ಬೀರುವಿನಲ್ಲಿ ಮಾರಾಟವಾಗದೆ ಉಳಿದ ಪಫ್ಸು ನೋಡಿದರೇ ಗೊತ್ತಾಗುತ್ತಿತ್ತು.

"ಮಳಿಗೆ ನಂಗೇ ಕೊಡಿ ಅಮ್ಮಾವ್ರೆ. ಆದ್ರೆ ಆ ಮೊಟ್ಟೆ ವಿಚಾರ ತಗ್ದಾಕ್ಬುಡಿ. ಅದಿದ್ರೆ ನಾನು ಬದ್ಕಕ್ಕಾಗಕಿಲ್ಲ, ಆ ಸಾಲನೂ ತೀರ್ಸಕ್ಕಾಗಕಿಲ್ಲ."

ಆಗುವುದಿಲ್ಲ ಎಂದು ಎದ್ದು ಬಂದೆ. ಬಸ್ಸಿನಲ್ಲಿ ದಾರಿಯುದ್ದಕ್ಕೂ ಅವನನ್ನು ಶಪಿಸಿದೆ. ಊರು ಹತ್ತಿರ ಬಂದಂತೆ ಶಾಪ ಅವನನ್ನು ಬಿಟ್ಟು ನಮ್ಮ ಮಾವನವರ ಕಡೆಗೂ ತಿರುಗಿತು. ಒಂದೂವರೆ ಪುಟ ಮೊಟ್ಟೆಗೆ ಕೊಟ್ಟವರು ಗೋಡೆಗೆ ಒಂದು ಸಾಲು ಕೊಡಬಾರದಿತ್ತೇ? ಹಾಗೆ ಅಂದುಕೊಂಡದ್ದಕ್ಕೆ ಗಲ್ಲಗಲ್ಲ ಬಡಿದುಕೊಂಡೆ.

ಯಜಮಾನರಿಗೆ ಹೇಳದೆ ಮುಚ್ಚಿಡಬಹುದಿತ್ತು, ಆಗಲಿಲ್ಲ. ಅವರು ಹೊತ್ತು ಮುಳುಗುವ ಮುಂಚೆ ಊಟ ಮುಗಿಸುವವರು, ನೀರನ್ನು ಬಟ್ಟೆಯಲ್ಲಿ ಸೋಸದೆ ಕುಡಿಯದವರು, ಕಾಲಿಗೆ ಇರುವೆ ಹತ್ತಿದರೆ ಊದಿ ಕೆಳಗಿಳಿಸುವವರು. ನಾನು ಹೇಳಿದ್ದನ್ನು ಪೂರ್ತಿ ಕೇಳಿ, ಕಟ್ಟಡ ನಿನ್ನ ಹೆಸರಲ್ಲಿದೆ, ನಿನ್ನಿಷ್ಟ ಅಂದರು. ನನಗೆ ರೇಗಿಹೋಯಿತು. ಬೇಡ ಅಂತಾದರೂ ಬಾಯಿಬಿಟ್ಟು ಹೇಳಿ ಎಂದು ಕೂಗಾಡಿದೆ.

"ಬೇಡ ಅಂದ್ರೆ ನಿನ್ನನ್ನ ಎಲ್ಲಿಡಲಿ?" ಎಂದರು. "ಹೂಂ ಅಂದ್ರೆ ನಾನೆಲ್ಲಿರಲಿ?"

ಅದಾಗಿ ಎರಡು ತಿಂಗಳು ತಡೆದೆ. ಬೇರೆ ಬಾಡಿಗೆದಾರರನ್ನು ಹುಡುಕಿದೆ. ಊರುಗಂಬ ನೋಡಿದವರು ಬಾಗಿಲಲ್ಲೇ ವಾಪಸು ಹೋದರು. ಬ್ಯಾಂಕಿನಲ್ಲಿ ಸಾಲ ಕೇಳಿದೆ, ನಮ್ಮ ವಯಸ್ಸು ನೋಡಿ ನಕ್ಕರು. ಅಷ್ಟರಲ್ಲಿ ಮಳೆ ಹಿಡಿಯಿತು. ಒಂದು ಬೆಳಿಗ್ಗೆ ನಾನು ಬಚ್ಚಲಲ್ಲಿದ್ದಾಗ ಆಚೆಮನೆಯವಳ ತಂಗಿ, ಊರಿಂದ ಹೊಸದಾಗಿ ಬಂದಿದ್ದವಳು, ಹೊರಗೆ ನಿಂತಿದ್ದ ಯಜಮಾನರನ್ನು ಬಾಯಿಗೆ ಬಂದಂತೆ ಬೈದಳು. ಹೆಂಗಸರ ಬಚ್ಚಲ ಮುಂದೆ ಏನು ಕೆಲಸ ಮುದುಕಪ್ಪ, ನಾಚಿಕೆ ಆಗಲ್ವಾ ಎಂದಳು. ಎಪ್ಪತ್ತು ದಾಟಿದ ಮನುಷ್ಯ, ಬದುಕಿನಲ್ಲಿ ಒಬ್ಬರಿಂದ ಒಂದು ಮಾತು ಕೇಳದವರು, ಪೇಪರನ್ನು ನಾಲ್ಕು ಮಡಿಕೆ ಮಾಡಿ ಕಂಕುಳಲ್ಲಿ ಇಟ್ಟುಕೊಂಡು ಮಳೆಯಲ್ಲೇ ಬೀದಿಗೆ ಹೋಗಿ ನಿಂತರು. ನಾನು ಒದ್ದೆ ಸೀರೆಯಲ್ಲೇ ಹೊರಗೆ ಬಂದು ಅವಳ ಜೊತೆ ಜಗಳವಾಡಿದೆ. ಗೆದ್ದೆ. ಮಧ್ಯಾಹ್ನ ತಾಲ್ಲೂಕು ಕಚೇರಿ ಮುಂದೆ ಹೋಗಿ ಮೊಟ್ಟೆಯ ಮಾತಿಲ್ಲದ ಹೊಸ ಕರಾರಿಗೆ ಸೈನು ಹಾಕಿದೆ.

ಅವನು ಮಾತಿಗೆ ತಪ್ಪಲಿಲ್ಲ. ಎಂಜಿನಿಯರು ಹೇಳಿದ ಹಾಗೇ ತೊಲೆ ಹಾಕಿಸಿದ, ಗೋಡೆ ಎಬ್ಬಿಸಿದ, ಮೇಲೆ ನಮ್ಮ ನೆಲವನ್ನೂ ಹೊಸದು ಮಾಡಿಸಿಕೊಟ್ಟ. ಒಳ್ಳೆಯ ದಿನ ನೋಡಿ ಸಾಮಾನು ಸಾಗಿಸಿದೆವು. ಯಜಮಾನರು ಜೊತೆಯಲ್ಲೇ ಬಂದರು, ದೀಪ ಹಚ್ಚಿದರು, ಎಲ್ಲ ಕೋಣೆಗಳಲ್ಲೂ ಓಡಾಡಿದರು. ಸಂಜೆ ಐದಕ್ಕೆ ಬಡಿಸಿದೆ. ಕೆಳಗಿನಿಂದ ಬೇಯುವ ವಾಸನೆ ಬರುತ್ತಿತ್ತು. ಕಲಸಿದ ತುತ್ತನ್ನು ಬಾಯಿಯ ತನಕ ಒಯ್ದರು, ತಟ್ಟೆಗೇ ಇಳಿಸಿದರು, ಕೈ ತೊಳೆದರು. ಮಾರನೇ ದಿನವೂ ಹಾಗೇ. ಕೋಪವೇ ಎಂದು ಕೇಳಿದೆ. ಕೋಪ ಅಲ್ಲ ಕಣೇ, ಇಲ್ಲಿ ಗಂಟಲಲ್ಲಿ ಇಳೀತಿಲ್ಲ ಅಂದರು. ಬಾಡಿಗೆ ಮನೆಯ ಬೀಗದಕೈಯನ್ನು ಅವರು ಹಿಂದಕ್ಕೆ ಕೊಟ್ಟೇ ಇರಲಿಲ್ಲ ಎಂದು ಆಗ ತಿಳಿಯಿತು.

ಈಗ ನನಗೆ ಎರಡು ಒಲೆ. ಬೆಳಿಗ್ಗೆ ಎದ್ದು ಬಸದಿಯ ಹಿಂದಿನ ಬೀದಿಗೆ ಹೋಗಿ ಅಡುಗೆ ಮಾಡಿ ಅವರಿಗೆ ಬಡಿಸಿ ಬರುತ್ತೇನೆ, ನಾಲ್ಕು ಗಂಟೆಗೆ ಮತ್ತೆ ಹೋಗುತ್ತೇನೆ. ಅವರು ಅಲ್ಲೇ ಮಲಗುತ್ತಾರೆ. ನೀನೂ ಇಲ್ಲೇ ಇರು ಅಂತ ಒಂದು ಸಲವೂ ಕರೆದಿಲ್ಲ, ಅಲ್ಲಿರಬೇಡ ಅಂತಲೂ ಅಂದಿಲ್ಲ. ಕರೆದರೆ ಹೋಗಬಾರದು ಎಂಬ ಹಟ ನನಗೆ. ಅಷ್ಟು ಕಷ್ಟಪಟ್ಟು ಬಿಡಿಸಿಕೊಂಡ ಮನೆ ಅದು.

ಮೊನ್ನೆ ಬಡಿಸುತ್ತಾ ತಡೆಯಲಾರದೆ, ಇನ್ನೆಷ್ಟು ದಿನ ಹೀಗೆ ಎಂದು ಕೇಳಿಬಿಟ್ಟೆ. ಅವರು ತೊವ್ವೆ ಹಾಕಿಸಿಕೊಳ್ಳುತ್ತಿದ್ದವರು ತಲೆ ಎತ್ತಿದರು.

"ಕರಾರು ಎಷ್ಟು ವರ್ಷಕ್ಕೆ ಬರೆದಿದ್ದೀಯ?"

ಐದು ವರ್ಷಕ್ಕೆ ಎಂದೆ.